ಧಾರೆ ಎರೆಯುವಾಗ ಕ್ಯಾಮೆರಾದವರು ಎಲ್ಲಿ ನಿಲ್ಲಬೇಕು? ಉಡುಪಿಯ ಒಂದು ಮದುವೆಯ ಪ್ರಕರಣ

ಇದು ನಮ್ಮ ಮನೆಯದೇ ಮದುವೆ. ಹೆಸರು, ಹಾಲ್, ಸ್ಟುಡಿಯೋ ಯಾವುದನ್ನೂ ಬರೆಯುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಮದುಮಕ್ಕಳನ್ನೂ ಫೋಟೋದವರನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ಫೋಟೋಗ್ರಾಫರ್ ಹುಡುಕುವಾಗ ಎಲ್ಲರೂ ಕೇಳುವುದು ಎರಡೇ ವಿಷಯ. ಫೋಟೋ ಹೇಗೆ ಬರುತ್ತದೆ, ರೇಟ್ ಎಷ್ಟು. ನಮಗೆ ಇನ್ನೊಂದು ಪ್ರಶ್ನೆ ಇತ್ತು. ಫೋಟೋ ತೆಗೆಯುವಾಗ ಇವರು ಎಲ್ಲಿ ನಿಲ್ಲುತ್ತಾರೆ? ಆ ಪ್ರಶ್ನೆ ಎಲ್ಲಿಂದ ಬಂತು ಅಂತ ಮೊದಲು ಹೇಳಬೇಕು.

ಹಿನ್ನೆಲೆ

ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಮದುವೆ 2022ರ ಮೇ ತಿಂಗಳಲ್ಲಿ ಆಯಿತು. ಭಾವನಿಗೆ ಪರಿಚಯ ಇದ್ದ ಒಂದು ಸ್ಟುಡಿಯೋದವರಿಗೆ ಕೆಲಸ ಕೊಟ್ಟಿದ್ದೆವು. ಮಾತುಕತೆ ಎಲ್ಲ ಬಾಯಲ್ಲೇ. ವಿಸಿಟಿಂಗ್ ಕಾರ್ಡಿನ ಹಿಂದೆ ಒಟ್ಟು ಮೊತ್ತ ಬರೆದರು, ಅದರ ಕೆಳಗೆ ಅಡ್ವಾನ್ಸ್ ಬರೆದರು. ಅಷ್ಟೇ.

ನಮ್ಮ ಕಡೆ ಮದುವೆಯಲ್ಲಿ ಧಾರೆಯೇ ಮುಖ್ಯ. ಹುಡುಗ ಹುಡುಗಿಯ ಕೈ ಸೇರಿಸಿ, ಹೆತ್ತವರು ಮತ್ತು ಹತ್ತಿರದವರು ಗಿಂಡಿಯಿಂದ ನೀರು ಎರೆಯುತ್ತಾರೆ. ಎಲ್ಲ ಸೇರಿ ಒಂದೆರಡು ನಿಮಿಷ. ಬೆಳಿಗ್ಗೆಯಿಂದ ಮಾತಾಡುತ್ತಾ ಕೂತ ಜನ ಆ ಹೊತ್ತಿಗೆ ಮಂಟಪದ ಕಡೆ ತಿರುಗುತ್ತಾರೆ. ವಾಲಗದ ಸದ್ದು ಏರುತ್ತದೆ. ತಡವಾಗಿ ಬಂದವರೂ "ಧಾರೆ ಆಯ್ತಾ?" ಅಂತಲೇ ಕೇಳುವುದು.

ಅವತ್ತು ನಾನು ಕಲಶಕನ್ನಡಿ ಹಿಡಿದು ಮಂಟಪದಲ್ಲಿ ನಿಂತಿದ್ದೆ. ಎದುರು ಮೊದಲ ಸಾಲಿನಲ್ಲಿ ನಮ್ಮ ಅಮ್ಮ, ಮಕ್ಕಳಿಗೆ ಅಜ್ಜಿ. ಅವರಿಗೆ ಗಂಟು ನೋವು, ಮಂಟಪದ ಮೆಟ್ಟಿಲು ಹತ್ತಲು ಆಗುವುದಿಲ್ಲ. ಧಾರೆ ಶುರುವಾಗುವಾಗ ಫೋಟೋದವರು ಇಬ್ಬರು, ವಿಡಿಯೋದವರು ಇಬ್ಬರು, ಲೈಟ್ ಹಿಡಿದ ಹುಡುಗ ಒಬ್ಬ, ಐದೂ ಜನ ಎದುರಿಗೆ ಸಾಲಾಗಿ ನಿಂತುಬಿಟ್ಟರು. ಅವರ ಕಾಲುಗಳ ನಡುವೆ ನನಗೆ ಅಮ್ಮನ ಹಸಿರು ಸೀರೆ ಮಾತ್ರ ಕಾಣುತ್ತಿತ್ತು. ಅಮ್ಮ ಒಮ್ಮೆ ಎಡಕ್ಕೆ ಬಾಗಿದರು, ಒಮ್ಮೆ ಬಲಕ್ಕೆ ಬಾಗಿದರು. ಆಮೇಲೆ ಸುಮ್ನೆ ಕೂತರು.

ಊಟದ ಹೊತ್ತಿಗೆ ಕೇಳಿದೆ, "ಧಾರೆ ಕಂಡಿತಾ ಅಮ್ಮ?"

"ಎಲ್ಲಿ ಕಾಣುವುದು? ಅವರ ಬೆನ್ನು ಕಂಡಿತು. ಇರಲಿ, ಆಲ್ಬಮಿನಲ್ಲಿ ನೋಡ್ತೇನೆ."

ಆಲ್ಬಂ ಬಂದದ್ದು ಹನ್ನೊಂದು ತಿಂಗಳ ಮೇಲೆ. ಅಷ್ಟರಲ್ಲಿ ಭಾವ ಸಿಟ್ಟಿನಲ್ಲಿ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅಂದಿದ್ದರು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ಯಾವ ತಾರೀಕಿಗೆ ಆಲ್ಬಂ ಕೊಡುತ್ತೇವೆ ಅಂದಿದ್ದರು ಎನ್ನುವುದಕ್ಕೆ ನಮ್ಮ ಕೈಯಲ್ಲಿ ಒಂದು ಸಾಲೂ ಇರಲಿಲ್ಲ. ಕಾರ್ಡಿನ ಹಿಂದಿನ ಎರಡು ಅಂಕಿ ಹಿಡಿದುಕೊಂಡು ಏನು ಹೇಳುವುದು? ಕೊನೆಗೆ ಕಾದೆವು.

ಬಂದ ಆಲ್ಬಮಿನ ಧಾರೆಯ ಪುಟದಲ್ಲಿ ಕೈ ಇತ್ತು, ನೀರು ಇತ್ತು. ಮೂಲೆಯಲ್ಲಿ ಇನ್ನೊಬ್ಬ ಕ್ಯಾಮೆರಾದವನ ಮೊಣಕೈ ಇತ್ತು. ಡೆಕೊರೇಷನ್‌ನ ಎಲ್‌ಇಡಿ ಲೈಟಿನಿಂದ ಎಲ್ಲರ ಮುಖ ನೇರಳೆಯಾಗಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಏನೂ ಹೇಳಲಿಲ್ಲ.

ಹುಡುಕಾಟ

ಚಿಕ್ಕವಳ ಮದುವೆ 2025ರ ಏಪ್ರಿಲ್‌ಗೆ ನಿಶ್ಚಯವಾಯಿತು. ಹುಡುಗ ಮಂಗಳೂರಿನವನು. ಮದುವೆ ಉಡುಪಿಯಲ್ಲಿ, ಗಂಟೆ 12.20ರ ಅಭಿಜಿನ್ ಲಗ್ನ. ಫೋಟೋಗ್ರಾಫರ್ ಹುಡುಕುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ.

ನಮ್ಮ ಕಡೆ ಆಟಿ ಅನ್ನುವ ತುಳು ತಿಂಗಳಲ್ಲಿ ಮದುವೆ ಇಲ್ಲ, ಉಳಿದ ಮಳೆಗಾಲದಲ್ಲೂ ಕಡಿಮೆ. ಹಾಗಾಗಿ ಮದುವೆಗಳೆಲ್ಲ ನವೆಂಬರಿನಿಂದ ಮೇ ತಿಂಗಳ ನಡುವೆ ಬಂದು ಬೀಳುತ್ತವೆ. ಒಳ್ಳೆ ಮುಹೂರ್ತದ ಭಾನುವಾರ ಒಂದೇ ಸ್ಟುಡಿಯೋಗೆ ಮೂರ್ನಾಲ್ಕು ಮದುವೆ ಇರುತ್ತದೆ. ಬುಕ್ ಮಾಡುವಾಗ ಮಾತಾಡಿದವರು ಒಬ್ಬರು, ಮದುವೆಯ ದಿನ ಕ್ಯಾಮೆರಾ ಹಿಡಿದು ಬರುವವರು ಇನ್ಯಾರೋ. ಇದು ಗೊತ್ತಿದ್ದರಿಂದ ಮೊದಲ ಪ್ರಶ್ನೆಯೇ "ನಮ್ಮಲ್ಲಿಗೆ ಬರುವುದು ಯಾರು?" ಅಂತ ಇಟ್ಟುಕೊಂಡೆ.

ಚಿಕ್ಕವಳಿಗೆ ಇಷ್ಟವಾದದ್ದು ಇನ್‌ಸ್ಟಾಗ್ರಾಮಿನಲ್ಲಿ ತುಂಬಾ ಹೆಸರು ಮಾಡಿದ ಒಂದು ಟೀಮ್. ರೀಲ್ಸ್ ನಿಜಕ್ಕೂ ಚೆನ್ನಾಗಿದ್ದವು. ಎರಡು ದಿನಕ್ಕೆ 1 ಲಕ್ಷ 80 ಸಾವಿರ ಅಂದರು. ಬರುವುದು ಯಾರು ಅಂದಾಗ "ನಮ್ಮ ಟೀಮ್ ಬರ್ತದೆ ಮೇಡಂ" ಎಂಬ ಉತ್ತರ. ಒಂದು ಮದುವೆಯ ಪೂರ್ತಿ ಫೋಟೋ ತೋರಿಸಿ ಅಂದೆ. ಇಪ್ಪತ್ತು ಮದುವೆಯ ಇಪ್ಪತ್ತು ಒಳ್ಳೆ ಫೋಟೋ ಕಳಿಸಿದರು. ಇಪ್ಪತ್ತು ಒಳ್ಳೆ ಫೋಟೋ ಯಾರ ಹತ್ತಿರವೂ ಇರುತ್ತದೆ ಅಲ್ವಾ? ನಮ್ಮ ಮನೆಗೆ ಬರುವುದು ಒಂದು ಇಡೀ ಮದುವೆ.

ಎರಡನೆಯವರು ಇಬ್ಬರೇ ಕೆಲಸ ಮಾಡುವ ಅಣ್ಣ ತಮ್ಮ. ಅಣ್ಣ ಫೋಟೋ, ತಮ್ಮ ವಿಡಿಯೋ. ಮೆಹೆಂದಿ, ಮದುವೆ, 40 ಶೀಟಿನ ಆಲ್ಬಂ ಸೇರಿ 95 ಸಾವಿರ. ಪೂರ್ತಿ ಮದುವೆ ಕೇಳಿದಾಗ, ಆ ಮನೆಯವರಿಗೆ ನನ್ನೆದುರೇ ಫೋನ್ ಮಾಡಿ ಒಪ್ಪಿಗೆ ಕೇಳಿದರು. ಆಮೇಲೆ ಲ್ಯಾಪ್‌ಟಾಪ್ ತೆರೆದು ಏಳುನೂರು ಚಿಲ್ಲರೆ ಫೋಟೋ ತೋರಿಸಿದರು. ಅದರಲ್ಲಿ ಬ್ಲರ್ ಆದದ್ದೂ ಇತ್ತು, ಕಣ್ಣು ಮುಚ್ಚಿದ್ದೂ ಇತ್ತು. ಊಟದ ಪಂಕ್ತಿ, ಬಾಗಿಲಲ್ಲಿ ನಿಂತ ಹಿರಿಯರು, ಮೂಲೆಯಲ್ಲಿ ಮಲ್ಲಿಗೆ ಮುಡಿದುಕೊಳ್ಳುತ್ತಿದ್ದ ಹೆಂಗಸರು, ಎಲ್ಲ ಇದ್ದರು. ನನಗೆ ಅಲ್ಲೇ ಅರ್ಧ ಮನಸ್ಸಾಯಿತು.

ಆದರೆ ಮುಖ್ಯ ಪ್ರಶ್ನೆಗೆ ಫೋಟೋದಲ್ಲಿ ಉತ್ತರ ಇರುವುದಿಲ್ಲ. ಫೋಟೋದಲ್ಲಿ ಮದುಮಕ್ಕಳು ಕಾಣುತ್ತಾರೆ, ಫೋಟೋ ತೆಗೆದವರ ಬೆನ್ನು ಕಾಣುವುದಿಲ್ಲ. ಹಾಗಾಗಿ ಆ ಮನೆಯವರ ಹತ್ತಿರ ಇನ್ನೊಂದು ಕೇಳಿಕೊಂಡೆ. ಧಾರೆಯ ಹೊತ್ತಿಗೆ ನಿಮ್ಮ ನೆಂಟರಲ್ಲಿ ಯಾರಾದರೂ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ಕಳಿಸಿ ಅಂತ. ಅವರಿಗೆ ವಿಚಿತ್ರ ಅನಿಸಿರಬೇಕು, ಆದರೂ ಕಳಿಸಿದರು. ನಾಲ್ಕನೇ ಸಾಲಿನಿಂದ ತೆಗೆದ ನಲವತ್ತು ಸೆಕೆಂಡಿನ ವಿಡಿಯೋ. ಅಣ್ಣ ಮಂಟಪದ ಎಡಗಡೆ ಕಂಬಕ್ಕೆ ಒರಗಿ ಒಂದು ಮಂಡಿಯೂರಿ ಕೂತಿದ್ದರು. ತಮ್ಮ ಎಲ್ಲೂ ಕಾಣಲಿಲ್ಲ. ಹಿಂದೆ ಸ್ಟ್ಯಾಂಡ್ ಹಾಕಿ ಝೂಮ್ ಲೆನ್ಸಿನಲ್ಲಿ ತೆಗೆಯುತ್ತಿದ್ದರಂತೆ. ಇಡೀ ಧಾರೆ ಕಾಣುತ್ತಿತ್ತು.

ಆ ರಾತ್ರಿ ವಿಡಿಯೋವನ್ನು ಚಿಕ್ಕವಳಿಗೆ ತೋರಿಸಿದೆ. ಎರಡು ಸಲ ನೋಡಿದಳು. "ಅಜ್ಜಿಗೆ ಕಾಣ್ತದೆ ಅಲ್ವಾ ಚಿಕ್ಕಮ್ಮ? ಇವರೇ ಇರಲಿ" ಅಂದಳು.

ಮೂರನೆಯವರನ್ನು ನೋಡಲು ಹೋಗಲೇ ಇಲ್ಲ.

ಒಂದು ಪುಟದ ಕರಾರು ಬರೆದೆವು. ಬರುವವರ ಹೆಸರು, ಬರುವ ಗಂಟೆ, ಎಷ್ಟು ಕಂತಿನಲ್ಲಿ ಹಣ, ಫೋಟೋ ಯಾವ ತಾರೀಕಿಗೆ, ನಾವು ಆಯ್ಕೆ ಮಾಡಿ ಕೊಟ್ಟ ಮೇಲೆ ಆಲ್ಬಂ ಎಷ್ಟು ದಿನಕ್ಕೆ. ಅವರಿಗೆ ಹುಷಾರಿಲ್ಲದೆ ಹೋದರೆ ಬದಲಿಗೆ ಯಾರು ಎಂಬುದನ್ನೂ ಅವರೇ ಸೇರಿಸಿದರು. ಫೋಟೋದ ಹಕ್ಕಿನ ಬಗ್ಗೆ ಒಂದು ಸಾಲು ನಾನು ಸೇರಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು, ಬೇರೆ ರೀತಿ ಒಪ್ಪಂದ ಆಗಿರದಿದ್ದರೆ. ಆ "ಬೇರೆ ಒಪ್ಪಂದ" ಎಷ್ಟೋ ಸಲ ಕರಾರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದದೆ ಸಹಿ ಹಾಕಬಾರದು. ನಮ್ಮದರಲ್ಲಿ, ಮದುಮಗಳು ಅಲಂಕಾರ ಮಾಡಿಕೊಳ್ಳುವ ಫೋಟೋ ಮತ್ತು ಮಕ್ಕಳ ಫೋಟೋ ಕೇಳದೆ ಎಲ್ಲೂ ಹಾಕುವಂತಿಲ್ಲ ಅಂತ ಬರೆದೆವು. ಉಳಿದದ್ದನ್ನು ಅವರು ತಮ್ಮ ಪೇಜಿನಲ್ಲಿ ಹಾಕಿಕೊಳ್ಳಬಹುದು. ಅವರ ಹೊಟ್ಟೆಪಾಡೂ ಅದರಲ್ಲೇ ಇದೆ.

ಬೀಗರ ಕಡೆಯ ನಾಲ್ವರು

ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ಮದುವೆಗೆ ಒಂದು ತಿಂಗಳು ಇರುವಾಗ ಗೊತ್ತಾಯಿತು, ಹುಡುಗನ ಕಡೆಯವರು ಮಂಗಳೂರಿನ ಬೇರೆ ಟೀಮ್ ಬುಕ್ ಮಾಡಿದ್ದಾರೆ. ನಾಲ್ಕು ಜನ, ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಗಿಂಬಲ್, ಹಾಲ್ ಒಳಗೆ ಕ್ರೇನ್ ಕ್ಯಾಮೆರಾ ಬೇರೆ.

ನನಗೆ ಹಿಂದಿನ ಮದುವೆಯ ಆ ಐದು ಬೆನ್ನು ಕಣ್ಣೆದುರು ಬಂತು. ಈಗ ಆರು.

ಬೀಗರ ಹತ್ತಿರ ಹೇಳುವುದು ಹೇಗೆ? ಭಾವ ಬೇಡವೇ ಬೇಡ ಅಂದರು. "ಮದುವೆಗೆ ಮೊದಲೇ ಹುಡುಗಿ ಕಡೆಯವರು ಕಂಡೀಷನ್ ಹಾಕ್ತಾರೆ ಅಂತ ಆಗ್ತದೆ." ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಅಕ್ಕ ಎರಡು ದಿನ ಯೋಚನೆ ಮಾಡಿ ತಾನೇ ಬೀಗಿತಿಗೆ ಫೋನ್ ಮಾಡಿದಳು. ಕ್ಯಾಮೆರಾ ಜಾಸ್ತಿ ಆಯ್ತು ಅಂತ ಹೇಳಲಿಲ್ಲ. ದೊಡ್ಡವಳ ಮದುವೆಯಲ್ಲಿ ಅಮ್ಮನಿಗೆ ಧಾರೆ ಕಾಣದೆ ಹೋದದ್ದನ್ನು ಇದ್ದ ಹಾಗೆ ಹೇಳಿದಳು. ಆಚೆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಬೀಗಿತಿ ಹೇಳಿದರು, "ನಮ್ಮ ಮಾವನಿಗೂ ಹಾಗೇ ಆದದ್ದು, ನನ್ನ ನಾದಿನಿ ಮದುವೆಯಲ್ಲಿ. ಎಂತ ಮಾಡುವ ಹೇಳಿ."

ಈ ಪ್ರಕರಣದ ದೊಡ್ಡ ತಿರುವು ಇದೇ ಅಂತ ನನ್ನ ಅಭಿಪ್ರಾಯ. ಕ್ಯಾಮೆರಾದವರ ಜೊತೆ ಮಾಡಿದ ಕರಾರಿಗಿಂತ ಆ ಒಂದು ಫೋನ್ ಕರೆ ಜಾಸ್ತಿ ಕೆಲಸ ಮಾಡಿತು. ಕಂಡೀಷನ್ ಹಾಕಿದ್ದರೆ ಅವರೂ ಒಂದು ಕಂಡೀಷನ್ ಹಾಕುತ್ತಿದ್ದರು.

ಮದುವೆಗೆ ಒಂದು ವಾರ ಮೊದಲು ಎರಡೂ ಟೀಮಿನವರು ಹಾಲ್‌ಗೆ ಬಂದರು. ಮುಖ ನೋಡಿದ್ದೇ ಇಬ್ಬರೂ ನಕ್ಕರು, ಮೊದಲೇ ಪರಿಚಯ ಇತ್ತು. ನಾನು ಮೊದಲ ಸಾಲಿನಲ್ಲಿ ಅಮ್ಮ ಕೂರುವ ಕುರ್ಚಿಯಲ್ಲಿ ಕೂತೆ. ಅವರು ಒಂದೊಂದು ಕಡೆ ನಿಂತು "ಕಾಣ್ತದಾ ಅಕ್ಕ?" ಅಂತ ಕೇಳುತ್ತಾ ಹೋದರು. ಎಡಗಡೆ ಕಂಬದ ಹತ್ತಿರ ನಮ್ಮವರು, ಬಲಗಡೆ ಬೀಗರ ಟೀಮಿನವರು ಒಬ್ಬರು. ಇಬ್ಬರೂ ಕೂತು ಅಥವಾ ಮಂಡಿಯೂರಿ ತೆಗೆಯುವುದು. ವಿಡಿಯೋ ಎರಡೂ ಆರನೇ ಸಾಲಿನ ಹಿಂದೆ, ಹಲಗೆಯ ಮೇಲೆ. ಕ್ರೇನ್ ಧಾರೆ ಮುಗಿಯುವವರೆಗೆ ಅಲುಗಾಡುವುದಿಲ್ಲ. ನೆಲದ ಮೇಲೆ ಬಿಳಿ ಟೇಪ್ ಅಂಟಿಸಿದರು. ಒಬ್ಬರಿಗೆ ಸಿಗದ ಕೋನ ಇನ್ನೊಬ್ಬರಿಗೆ ಸಿಗುತ್ತದಲ್ಲ, ಆ ಫೋಟೋಗಳನ್ನು ಹಂಚಿಕೊಳ್ಳುವುದು ಅಂತ ಮಾತಾಯಿತು.

ಡೆಕೊರೇಷನ್‌ನವರ ಹುಡುಗನನ್ನೇ ಮಂಟಪದಲ್ಲಿ ಕೂರಿಸಿ ಬಣ್ಣದ ಲೈಟ್ ಹಾಕಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆವು. ಅವನ ಒಂದು ಕೆನ್ನೆ ಗುಲಾಬಿ, ಒಂದು ಕೆನ್ನೆ ನೀಲಿ. ಆ ಬಣ್ಣ ಮುಖದ ಮೇಲೆ ಬಿದ್ದರೆ ಎಡಿಟಿಂಗಿನಲ್ಲಿ ಸರಿ ಮಾಡುವುದು ಬಹಳ ಕಷ್ಟ ಅಂತ ಇಬ್ಬರೂ ಹೇಳಿದರು. ಮುಹೂರ್ತದ ಹೊತ್ತಿಗೆ ಬಿಳಿ ಲೈಟ್ ಮಾತ್ರ ಅಂತ ತೀರ್ಮಾನವಾಯಿತು.

"ಎಲ್ಲರ ಫೋಟೋ ತೆಗೀರಿ" ಅಂದರೆ ಯಾರದ್ದೂ ಸರಿಯಾಗಿ ಬರುವುದಿಲ್ಲ. 22 ಜನರ ಪಟ್ಟಿ ಮಾಡಿದೆ. ಭಾವನ ತಂಗಿಯ ಮಗಳು, ಡಿಗ್ರಿ ಓದುವವಳು, ಅವಳಿಗೆ ಎರಡೂ ಕಡೆಯ ನೆಂಟರು ಗೊತ್ತು. ಅವಳನ್ನು ಇಡೀ ದಿನ ಫೋಟೋದವರ ಜೊತೆ ಬಿಟ್ಟೆವು. ಹಿಂದಿನ ಸಲ ಈ ಕೆಲಸ ನನ್ನದು ಅಂತ ಇತ್ತು. ಕಲಶಕನ್ನಡಿ ಹಿಡಿದವರು ಇದನ್ನು ಮಾಡಲು ಆಗುವುದಿಲ್ಲ.

ಮದುವೆಯ ದಿನ

ದಿಬ್ಬಣ ನಲವತ್ತು ನಿಮಿಷ ತಡ. ಹೆದ್ದಾರಿಯಲ್ಲಿ ಪಡುಬಿದ್ರಿ ಹತ್ತಿರ ವಾಹನಗಳ ಸಾಲು. ಮುಹೂರ್ತ ಯಾರಿಗೂ ಕಾಯುವುದಿಲ್ಲ. ಮದುಮಕ್ಕಳ ಫೋಟೋಗೆ ಅಂತ ಇಟ್ಟಿದ್ದ ಅರ್ಧ ಗಂಟೆ ಹಾಗೇ ಹೋಯಿತು. ಬೀಗರ ಟೀಮಿನವರು "ಹತ್ತೇ ನಿಮಿಷ, ಹೊರಗೆ ಒಂದು ಫೋಟೋ" ಅಂದರು. ಭಟ್ರು ಗಡಿಯಾರ ತೋರಿಸಿದರು. ನಮ್ಮ ಫೋಟೋದವರು ಬಂದು ನನ್ನ ಕಿವಿಯಲ್ಲಿ ಹೇಳಿದರು, "ಅಕ್ಕ, ಇದು ಬಿಟ್ಟುಬಿಡುವ. ಜೋಡಿ ಫೋಟೋ ಇನ್ನೊಂದು ದಿನ ತೆಗೆಯಬಹುದು, ಧಾರೆ ಇನ್ನೊಂದು ದಿನ ಇಲ್ಲ." ಬಿಟ್ಟೆವು.

ನಮ್ಮ ಫೋಟೋದವರ ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ಮದುಮಗಳ ಕೋಣೆಯಲ್ಲಿ ಎಸಿ, ಹೊರಗೆ ಹಾಲ್‌ನಲ್ಲಿ ನಮ್ಮ ಏಪ್ರಿಲ್ ತಿಂಗಳ ಸೆಕೆ. ತಂಪಾದ ಲೆನ್ಸ್ ಹೊರಗೆ ಬಂದ ಕೂಡಲೇ ಅದರ ಮೇಲೆ ಮಂಜು ಕೂರುತ್ತದೆ, ಒರೆಸಿದರೂ ಮತ್ತೆ ಬರುತ್ತದೆ. ಅವರು 11.50ಕ್ಕೇ ಕ್ಯಾಮೆರಾ ತಂದು ಕಂಬದ ಬುಡದಲ್ಲಿ ಇಟ್ಟು, ಕೋಣೆಯ ಕೆಲಸಕ್ಕೆ ಬೇರೆ ಕ್ಯಾಮೆರಾ ಬಳಸಿದರು. ಕರಾವಳಿಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಇದು ಕೈಗೆ ಬಂದಿರುತ್ತದೆ.

ಧಾರೆ ಶುರುವಾಯಿತು. ಎಲ್ಲರೂ ಟೇಪಿನ ಹಿಂದೆ. ಬಿಳಿ ಲೈಟ್. ನಾನು ಮತ್ತೆ ಕಲಶಕನ್ನಡಿ ಹಿಡಿದು ನಿಂತಿದ್ದೆ, ಎದುರು ಅಮ್ಮ ಪೂರ್ತಿ ಕಾಣುತ್ತಿದ್ದರು. ಆಗ, ನಾವು ಯಾರೂ ಯೋಚನೆ ಮಾಡದೇ ಇದ್ದದ್ದು ಆಯಿತು. ನೆಂಟರೇ ಎದ್ದು ಬಂದರು. ಏಳೆಂಟು ಜನ, ಕೈಯಲ್ಲಿ ಮೊಬೈಲ್. ಎರಡೂ ಕಡೆಯವರು ಇದ್ದರು. ಅಮ್ಮ ಎಡಕ್ಕೆ ಬಾಗಿದರು.

ನನ್ನ ಎರಡೂ ಕೈಯಲ್ಲಿ ತಟ್ಟೆ. ಬಾಯಿ ಬಿಡುವ ಹಾಗಿಲ್ಲ.

ಬಲಗಡೆ ಕೂತಿದ್ದ ಬೀಗರ ಟೀಮಿನ ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಟ್ಟು ಎದ್ದರು. ಯಾರ ಬಗ್ಗೆ ನಾನು ಒಂದು ತಿಂಗಳು ಹೆದರಿದ್ದೆನೋ ಅವರೇ. ಎರಡು ಹೆಜ್ಜೆ ಬಂದು, ಮೆಲ್ಲ ದನಿಯಲ್ಲಿ ಹೇಳಿದರು, "ಅಣ್ಣ, ಹಿಂದೆ ಅಜ್ಜಿ ಕೂತಿದ್ದಾರೆ. ಸ್ವಲ್ಪ ಬದಿಗೆ ಬನ್ನಿ. ಫೋಟೋ ನಾನು ಕಳಿಸಿ ಕೊಡ್ತೇನೆ." ಜನ ಸರಿದರು. ಅಷ್ಟರಲ್ಲಿ ಮೊದಲ ನೀರು ಬಿದ್ದಾಗಿತ್ತು. ಅದು ಅವರ ಕ್ಯಾಮೆರಾದಲ್ಲಿ ಇಲ್ಲ. ಆ ಸಂಜೆಯೇ ನಮ್ಮ ಫೋಟೋದವರು ತಾವು ತೆಗೆದದ್ದನ್ನು ಅವರ ಹಾರ್ಡ್ ಡಿಸ್ಕ್‌ಗೆ ಹಾಕಿ ಕೊಟ್ಟರು.

ಎಡಗಡೆಯಿಂದ ತೆಗೆದ ಆ ಫೋಟೋ ಈಗ ಅಕ್ಕನ ಮನೆಯ ಚಾವಡಿಯಲ್ಲಿದೆ. ಮುಂದೆ ಗಿಂಡಿಯ ಬಾಯಿ, ನೀರಿನ ಎಳೆ, ಸೇರಿದ ಕೈಗಳು. ಕೈಗಳಾಚೆ, ಸ್ವಲ್ಪ ಮಸುಕಾಗಿ, ಕುರ್ಚಿಯ ಕೈ ಹಿಡಿದು ಅರ್ಧ ಎದ್ದು ನಿಂತ ಅಮ್ಮ. ಮಂಟಪದ ಎದುರಿಗೆ ಯಾರೂ ಇಲ್ಲದ್ದರಿಂದ ಸಿಕ್ಕಿದ ಫೋಟೋ ಅದು.

ಆಮೇಲೆ

ಜೋಡಿ ಫೋಟೋ ಎರಡು ದಿನ ಬಿಟ್ಟು ಕಾಪು ಲೈಟ್‌ಹೌಸಿನ ಹತ್ತಿರ ತೆಗೆದರು. ಸಂಜೆ ಐದೂವರೆಗೆ ಹೋದರು, ಸೂರ್ಯ ಮುಳುಗುವವರೆಗೆ ಸಮಯ ಸಿಕ್ಕಿತು. ಅದೇ ಸೀರೆ, ಹೊಸ ಮಲ್ಲಿಗೆ. ಗಡಿಬಿಡಿ ಇಲ್ಲದ್ದರಿಂದ ಇಬ್ಬರ ಮುಖದಲ್ಲೂ ನಗು ಹಗುರಾಗಿತ್ತು. ಬೀಗರ ಔತಣದಲ್ಲಿ ಹುಡುಗನ ಗೆಳೆಯರಿಗೆ ಡ್ರೋನ್ ಹಾರಿಸಬೇಕಿತ್ತು. ಆ ಹಾಲ್ ಬಜ್ಪೆ ವಿಮಾನ ನಿಲ್ದಾಣಕ್ಕೆ ಹತ್ತಿರ. 2021ರ ಡ್ರೋನ್ ನಿಯಮಗಳ ಪ್ರಕಾರ ಅಲ್ಲಿ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಅವರ ಟೀಮಿನವರೇ ಬೇಡ ಅಂದರು.

ಫೋಟೋ ಹೇಳಿದ ತಾರೀಕಿಗೆ ಬಂತು. ಆದರೆ ಆಲ್ಬಂ ಈ ಸಲವೂ ತಡವಾಯಿತು, ಮತ್ತು ಈ ಸಲ ತಪ್ಪು ನಮ್ಮದು. 1,900 ಫೋಟೋದಿಂದ 180 ಆರಿಸಬೇಕಿತ್ತು. ಲಿಂಕ್ ಅನ್ನು ಇಡೀ ಕುಟುಂಬದ ಗ್ರೂಪಿಗೆ ಹಾಕಿದೆವು. ಒಬ್ಬೊಬ್ಬರದ್ದು ಒಂದೊಂದು ಪಟ್ಟಿ. ಎರಡೂವರೆ ತಿಂಗಳು ಹಾಗೇ ಹೋಯಿತು. ಆಲ್ಬಂ ತಡವಾದರೆ ಸ್ಟುಡಿಯೋದವರನ್ನು ಬೈಯುವ ಮೊದಲು ಆಯ್ಕೆ ಯಾರ ಹತ್ತಿರ ಬಾಕಿ ಇದೆ ಅಂತ ನೋಡಬೇಕು. ದೊಡ್ಡವಳ ಆಲ್ಬಂ ತಡವಾದಾಗ ನಾವು ಆಯ್ಕೆ ಕೊಟ್ಟದ್ದು ಯಾವಾಗ ಅಂತ ಈಗ ನನಗೆ ನೆನಪೂ ಇಲ್ಲ. ಅದು ಮನಸ್ಸಿಗೆ ಚುಚ್ಚುತ್ತದೆ. ಕೊನೆಗೆ ಮದುಮಕ್ಕಳು ಮತ್ತು ಅಕ್ಕ, ಮೂವರೇ ಕೂತು ಎರಡು ಸಂಜೆಯಲ್ಲಿ ಮುಗಿಸಿದರು.

ಇನ್ನೊಂದು ಕೊರತೆ ಉಳಿಯಿತು. ಪಟ್ಟಿಯಲ್ಲಿ ಅಡುಗೆಯವರ ಹೆಸರು ಬರೆಯಲು ಮರೆತಿದ್ದೆ. ಬೆಳಗಿನ ಮೂರು ಗಂಟೆಯಿಂದ ಒಲೆಯ ಎದುರು ನಿಂತವರ ಒಂದು ಫೋಟೋವೂ ಇಲ್ಲ. ಮೊಬೈಲ್ ಹಿಡಿದ ನೆಂಟರಿಗೆ ಮೊದಲೇ ಏನು ಹೇಳುವುದು ಎಂಬುದಕ್ಕೂ ನಮ್ಮಲ್ಲಿ ಪೂರ್ತಿ ಉತ್ತರ ಇಲ್ಲ. ಧಾರೆಗೆ ಮೊದಲು ವಾಲಗ ನಿಲ್ಲಿಸಿ ಭಟ್ರಿಂದಲೇ ಮೈಕಿನಲ್ಲಿ ಒಂದು ಮಾತು ಹೇಳಿಸಬಹುದು ಅಂತ ಅನಿಸುತ್ತದೆ. ಮನೆಯವರು ಹೇಳಿದರೆ ಬೇಸರ ಆಗಬಹುದು, ಭಟ್ರು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅಮ್ಮನಿಗೆ ಆಲ್ಬಂ ಕೊಟ್ಟಾಗ ಧಾರೆಯ ಪುಟವನ್ನು ಬೇಗ ತಿರುಗಿಸಿದರು. "ಇದು ನೋಡಿದ್ದೇ ಅಲ್ವಾ" ಅಂದರು. ಊಟದ ಪಂಕ್ತಿಯ ಪುಟದಲ್ಲಿ ನಿಂತು, ಯಾರು ಯಾರು ಬಂದಿದ್ದರು ಅಂತ ಒಬ್ಬೊಬ್ಬರನ್ನೇ ಬೆರಳಿಟ್ಟು ಕೇಳಿದರು.

ಈಗ ನನ್ನ ತಮ್ಮನ ಮಗನ ಮದುವೆ ನಿಶ್ಚಯವಾಗಿದೆ. ಹೋದ ವಾರ ಒಂದು ಹಾಲ್ ನೋಡಲು ಹೋಗಿದ್ದೆವು, ಅಮ್ಮನನ್ನೂ ಕರೆದುಕೊಂಡು. ಮೊದಲ ಸಾಲಿನಲ್ಲಿ ಕೂತು ಮಂಟಪದ ಕಡೆ ನೋಡಿದರು. "ಇಲ್ಲಿ ಕಂಬ ಅಡ್ಡ ಬರ್ತದೆ" ಅಂದರು. ಬೇರೆ ಹಾಲ್ ನೋಡುತ್ತಿದ್ದೇವೆ.